ಮೂಲೆಯಿಂದ ಮೂಲೆಗೊಂದು ಗೆರೆ

‘ರೀಲ್ ಆಫ್ ದ ಫಿಫ್ಟಿ-ಫಸ್ಟ್ ಡಿವಿಜನ್’ ಕುಣಿಯುವ ಬಹಳಷ್ಟು ಜನ 13 ಮತ್ತು 14ನೇ ಬಾರ್‌ಗಳನ್ನು, ಅಂದರೆ ಸಂಗೀತದ ಆವರ್ತಗಳನ್ನು, ನುಂಗಿಹಾಕುತ್ತಾರೆ. ಈ ಸ್ಕಾಟಿಷ್ ನೃತ್ಯದ ಜೀವ ಇರುವುದೇ ಅಲ್ಲಿ.

1940ರ ಜೂನ್ 12ರಂದು ಫ್ರಾನ್ಸಿನ ಸ್ಯಾಂ ವಾಲೆರಿಯಲ್ಲಿ ಬ್ರಿಟಿಷ್ ಸೇನೆಯ 51ನೇ ಹೈಲ್ಯಾಂಡ್ ಡಿವಿಜನ್ ಜರ್ಮನರಿಗೆ ಶರಣಾಯಿತು. ಬವೇರಿಯಾದ ಲಾಫೆನ್ ಸೆರೆ ಶಿಬಿರ ಸೇರಿದ ಅಧಿಕಾರಿಗಳಲ್ಲಿ ಲೆಫ್ಟಿನೆಂಟ್ ಜಿಮ್ಮಿ ಅಟ್ಕಿನ್ಸನ್ ಒಬ್ಬರು. ಸ್ಕಾಟ್ಲೆಂಡಿನ ಬಾವುಟದಲ್ಲಿರುವ X ಆಕಾರದ ಸೇಂಟ್ ಆಂಡ್ರ್ಯೂ ಶಿಲುಬೆಯನ್ನು ಕುಣಿತದಲ್ಲೇ ಬಿಡಿಸಬೇಕು ಅನ್ನುವುದು ಅವರ ಎಣಿಕೆ. ಸೆರೆಯಲ್ಲಿ ಕುಣಿದವರೆಲ್ಲ ಗಂಡಸರೇ. 1945ರಲ್ಲಿ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಸೊಸೈಟಿಯ 13ನೇ ಪುಸ್ತಕದಲ್ಲಿ ಇದು ಅಚ್ಚಾಯಿತು. ಮನೆಗೆ ಕಳಿಸಿದ ನೃತ್ಯದ ಸೂಚನೆಗಳನ್ನು ಜರ್ಮನರು ಗೂಢಲಿಪಿ ಎಂದುಕೊಂಡು ತಲೆ ಕೆಡಿಸಿಕೊಂಡರು ಅಂತಲೂ ಒಂದು ಕಥೆಯಿದೆ. ಕಥೆ ಎಷ್ಟು ನಿಜವೋ, ಆ ಸೂಚನೆಗಳನ್ನು ಓದಿದರೆ ಯಾರಿಗಾದರೂ ಗುಮಾನಿ ಬರುವಂತೆಯೇ ಇವೆ.

ನಾಲ್ಕು ಜೋಡಿ, ಗಂಡಸರದೊಂದು ಸಾಲು, ಎದುರಿಗೆ ಹೆಂಗಸರದೊಂದು ಸಾಲು; 32 ಬಾರ್‌ಗಳ ಕುಣಿತ, ಎಂಟು ಸಲ. ಮೊದಲ ಜೋಡಿ ಎರಡು ಬಾರ್ ಸೆಟ್ ಮಾಡಿ (ನಿಂತಲ್ಲೇ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಹೆಜ್ಜೆ ಹಾಕಿ), ತಮ್ಮ ತಮ್ಮ ಸಾಲಿನ ಹಿಂದಿನಿಂದ ಮೂರನೇ ಜೋಡಿಯ ಕೆಳಗಿನವರೆಗೆ ಇಳಿದು, ಕೈಹಿಡಿದು ನಡುವೆ ಮೇಲೆ ಬರುತ್ತದೆ. ಎರಡನೇ ಜೋಡಿ 3–4ನೇ ಬಾರ್‌ನಲ್ಲಿ ಒಂದು ಸ್ಥಾನ ಮೇಲೆ ಸರಿಯದಿದ್ದರೆ ಮುಂದಿನದೆಲ್ಲ ಇಕ್ಕಟ್ಟು. 8ನೇ ಬಾರ್ ಮುಗಿಯುವಾಗ ಮೊದಲ ಗಂಡಸು ಮೂರನೇ ಹೆಂಗಸಿಗೆ, ಮೊದಲ ಹೆಂಗಸು ಎರಡನೇ ಗಂಡಸಿಗೆ ಎದುರಾಗಿರಬೇಕು.

ಈಗ 9–10ರಲ್ಲಿ ಹೀಗೆ ಎದುರಾದ ಮೂಲೆಯವರಿಗೆ ಸೆಟ್, 11–12ರಲ್ಲಿ ಬಲಗೈ ಹಿಡಿದು ಸುತ್ತು. ಎಡವಟ್ಟಾಗುವುದು ಇಲ್ಲೇ. ಹುರುಪಿನಲ್ಲಿ ಇನ್ನೊಂದು ಸುತ್ತು ಎಳೆದವರಿಗೆ ಗೆರೆ ಸಿಗುವುದಿಲ್ಲ. ಸುತ್ತು ಮುಗಿದರೂ ಮೂಲೆಯವರ ಬಲಗೈ ಬಿಡಬಾರದು. ಮೊದಲ ಜೋಡಿ ನಡುವೆ ಎಡಗೈ ಹಿಡಿದರೆ ನಾಲ್ವರು ಮೂಲೆಯಿಂದ ಮೂಲೆಗೆ ಒಂದೇ ಗೆರೆ. 13–14ರಲ್ಲಿ ಅಲ್ಲೇ ನಿಂತು ಸೆಟ್. ತೋಳು ಸಡಿಲ ಬಿಟ್ಟರೆ ಗೆರೆ ಡೊಂಕಾಗುತ್ತದೆ. 15–16ರಲ್ಲಿ ಜೋಡಿ ಎಡಗೈಯಲ್ಲಿ ತಿರುಗಿ ಎರಡನೇ ಮೂಲೆಗಳತ್ತ, ಅಂದರೆ ಉಳಿದಿಬ್ಬರತ್ತ. ಅಲ್ಲಿಯೂ ಇದೇ ಆಟ, ಆದರೆ 23–24ರಲ್ಲಿ ತಮ್ಮ ತಮ್ಮ ಬದಿಯ ಎರಡನೇ ಸ್ಥಾನಕ್ಕೆ. ಆಮೇಲೆ ಆರು ಜನರ ವೃತ್ತ, ಎಡಕ್ಕೆ ಹೋಗಿ ಬಲಕ್ಕೆ ವಾಪಸ್.

ಶಿಲುಬೆ ಒಮ್ಮೆಗೇ ಪೂರ್ತಿ ಕಾಣುವುದೇ ಇಲ್ಲ. ಒಂದು ತೋಳು 13ರಲ್ಲಿ, ಅದನ್ನು ಅಡ್ಡ ಹಾಯುವ ಇನ್ನೊಂದು 21ರಲ್ಲಿ. ಮೊದಲನೆಯದು ಕಣ್ಣಲ್ಲಿ ಉಳಿದಿದ್ದರೆ ಮಾತ್ರ ಎರಡನೆಯದು ಅದರ ಮೇಲೆ ಕೂರುತ್ತದೆ.