ಹೊಸ ಕ್ರೇಟನ್ನೂ ಬೇಡ ಅಂದ ಕೋಡ್

ಬೆಳಗ್ಗೆ 4:40ಕ್ಕೆ ಫೋನ್. ಮಲ್ಪೆಯ ಮೀನು ವ್ಯಾಪಾರಿಯೊಬ್ಬರ ಬಿಲ್ಲಿಂಗ್ ನೋಡಿಕೊಳ್ಳುವ ಅಣ್ಣ. "ಎಂತ ಮಾರ್ರೆ ಇದು? ಇಷ್ಟು ದಿವಸ ಒಮ್ಮೆ ಬಂದ್ ಮಾಡಿ ಸ್ಟಾರ್ಟ್ ಮಾಡಿದ್ರೆ ಸರಿ ಆಗ್ತಿತ್ತು. ಇವತ್ತು ಎಂತ ಮಾಡಿದ್ರೂ ಬಿಲ್ ಬರುದಿಲ್ಲ. ಲಾರಿ ಕಾಯ್ತಾ ಉಂಟು."

ಹಿಂದಿನ ಸಂಜೆ ಅದನ್ನು 'ಸರಿ ಮಾಡಿ' ಬಂದವನು ನಾನೇ.

ಹಳೇ ತೊಂದರೆ ಇಷ್ಟೇ. ಬಿಲ್ ಲೆಕ್ಕ ಇರುವ ಡೇಟಾಬೇಸ್‌ಗೆ ಹೋಗುವ ಕನೆಕ್ಷನ್‌ಗಳನ್ನು ಪ್ರತಿ ಸಲ ಹೊಸದಾಗಿ ಮಾಡುವ ಬದಲು ಅಪಾಚೆ ಕಾಮನ್ಸ್ ಪೂಲ್ ಎಂಬ ಜಾವಾ ಲೈಬ್ರರಿಯ ಪೂಲ್‌ನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿದ್ದೆವು. ಸುಮ್ನೆ ಕೂತ ಕನೆಕ್ಷನ್ ಅನ್ನು ನಮ್ಮ ಡೇಟಾಬೇಸ್ ಮೈಎಸ್‌ಕ್ಯುಎಲ್, ಮಾಮೂಲಿ ಸೆಟ್ಟಿಂಗ್‌ನಲ್ಲಿ 28,800 ಸೆಕೆಂಡ್, ಅಂದರೆ 8 ಗಂಟೆ ಆದಮೇಲೆ ತಾನೇ ಕಡಿದು ಹಾಕುತ್ತದೆ. ಸಂಜೆ 7ಕ್ಕೆ ಕೊನೆಯ ಬಿಲ್, ಬೆಳಗ್ಗೆ 4ಕ್ಕೆ ಮೊದಲ ಬಿಲ್. ನಡುವೆ 9 ಗಂಟೆ! ಪೂಲ್‌ನಲ್ಲಿದ್ದದ್ದು ಸತ್ತ ಕನೆಕ್ಷನ್. ಕೊಡುವ ಮುಂಚೆ ಪರೀಕ್ಷಿಸುವ ಟೆಸ್ಟ್‌ಆನ್‌ಬಾರೋ ಸೆಟ್ಟಿಂಗ್ ಆಫ್ ಇತ್ತು. ಅದನ್ನು ಆನ್ ಮಾಡಿ, ಆ ಪರೀಕ್ಷೆ ನಡೆಸುವ ಒಂದು ವ್ಯಾಲಿಡೇಟ್ ಫಂಕ್ಷನ್ ಬರೆದಿದ್ದೆ.

ಉಡುಪಿಯಿಂದ ಮಳೆಯಲ್ಲೇ ಬೈಕಿನಲ್ಲಿ ಹೋದೆ. ಪ್ರೋಗ್ರಾಂ ತನ್ನ ಕೆಲಸ ಬರೆದಿಡುವ ಲಾಗ್ ತುಂಬ ನೋಸಚ್‌ಎಲಿಮೆಂಟ್‌ಎಕ್ಸೆಪ್ಷನ್ ಎಂಬ ಎರರ್. 'ಅಂಥ ವಸ್ತು ಇಲ್ಲ' ಅಂತಿದೆ, ಪೂಲ್ ಖಾಲಿ ಆಗಿರಬೇಕು ಅಂದುಕೊಂಡೆ. ಕನೆಕ್ಷನ್‌ಗಳ ಗರಿಷ್ಠ ಸಂಖ್ಯೆಯನ್ನು 8ರಿಂದ 20ಕ್ಕೆ ಏರಿಸಿದೆ. ಊಹೂಂ. ಅಣ್ಣ ಕೈಯಲ್ಲೇ ಬಿಲ್ ಬರೆಯಲು ಶುರು ಮಾಡಿದರು. ನನ್ನನ್ನು ನೋಡಲೂ ಇಲ್ಲ, ಅದೇ ಜಾಸ್ತಿ ಚುಚ್ಚಿತು.

ಹೊರಗೆ ಅಕ್ಕ ಒಬ್ಬರು ಬಂಗುಡೆ ತುಂಬಿಸುತ್ತಿದ್ದರು. ಒಂದರ ಮೇಲೊಂದು ಪೇರಿಸಿದ ಕ್ರೇಟ್‌ಗಳಲ್ಲಿ ಮೇಲಿನದನ್ನು ಎತ್ತುವುದು, ತಳವನ್ನು ಅಂಗೈಯಿಂದ ಒತ್ತಿ ನೋಡುವುದು, ಆಮೇಲೆ ಐಸ್ ಸುರಿಯುವುದು. ಒಂದರ ತಳ ಸೀಳಿತ್ತು. ಗೋಡೆಯ ಕಡೆ ಎಸೆದರು, ವಾಪಸ್ ಪೇರಿಸಲಿಲ್ಲ. ನಮ್ಮ ಕೋಡ್ ಆ ಸೀಳಿದ್ದನ್ನೇ ಮತ್ತೆ ಮೇಲಿಡುತ್ತಿತ್ತು. ಎರರ್ ಬಂದರೂ ಕೊನೆಗೆ ಪೂಲ್‌ಗೆ ವಾಪಸ್ ಇಡುವ ರಿಟರ್ನ್‌ಆಬ್ಜೆಕ್ಟ್ ಅನ್ನೇ ಕರೆಯುತ್ತಿದ್ದೆವು, ಎಸೆದುಬಿಡುವ ಇನ್‌ವ್ಯಾಲಿಡೇಟ್‌ಆಬ್ಜೆಕ್ಟ್ ಅಲ್ಲ. ಈ ಪೂಲ್ ಕೊನೆಗೆ ಬಂದದ್ದನ್ನೇ ಮೊದಲು ಕೊಡುವುದು. ಹಾಗಾಗಿ ಸತ್ತದ್ದೇ ಮತ್ತೆ ಕೈಗೆ. ರೀಸ್ಟಾರ್ಟ್ ಬಿಟ್ಟರೆ ದಾರಿ ಇರಲಿಲ್ಲ.

ಅದೇನೋ ಸರಿ, ಆದರೆ ಇವತ್ತಿನದಕ್ಕೆ ಅದು ಉತ್ತರ ಅಲ್ಲ. ಮತ್ತೆ ಕೂತೆ. ಪೂಲ್ ನಿಜವಾಗಿ ಖಾಲಿಯಾದರೆ ನಮ್ಮ ಸೆಟ್ಟಿಂಗ್‌ನಲ್ಲಿ ಅದು ಸುಮ್ನೆ ಕಾಯುತ್ತಾ ನಿಲ್ಲಬೇಕು. ಇಲ್ಲಿ ಬಟನ್ ಒತ್ತಿದ ಕೂಡಲೇ ಎರರ್. ಆಗ ಎಕ್ಸೆಪ್ಷನ್ ಹೆಸರಿನ ಪಕ್ಕದಲ್ಲಿದ್ದದ್ದನ್ನು ಓದಿದೆ: 'ಅನೇಬಲ್ ಟು ವ್ಯಾಲಿಡೇಟ್ ಆಬ್ಜೆಕ್ಟ್', ಅಂದರೆ ಆಬ್ಜೆಕ್ಟ್ (ಇಲ್ಲಿ ಕನೆಕ್ಷನ್) ಪರೀಕ್ಷೆ ಪಾಸಾಗಲಿಲ್ಲ. ಹಳೇ ಆಬ್ಜೆಕ್ಟ್ ಪರೀಕ್ಷೆಯಲ್ಲಿ ಬಿದ್ದರೆ ಪೂಲ್ ಅದನ್ನು ಎಸೆದು ಸದ್ದಿಲ್ಲದೆ ಮುಂದಿನದನ್ನು ಹಿಡಿಯುತ್ತದೆ. ಆಗಷ್ಟೇ ಮಾಡಿದ ಹೊಸದೇ ಬಿದ್ದರೆ ಮಾತ್ರ ಹೀಗೆ ಕಿರುಚುವುದು.

ಹೊಸದು ಯಾಕೆ ಬೀಳುತ್ತೆ? ಪ್ರತಿ ಸಲ ಸರ್ವರ್‌ಗೆ ಹೋಗಿ ಕೇಳುವುದು ದಂಡ ಅಂತ ನಾನು ಜಾಣತನ ಮಾಡಿದ್ದೆ. ಕೊನೆಗೆ ಬಳಸಿ 7 ಗಂಟೆ ಕಳೆದಿದ್ದರೆ ಬೇಡ ಅನ್ನು, ಅಷ್ಟೇ ಪರೀಕ್ಷೆ. ಆ ಸಮಯ ಬರೆಯುತ್ತಿದ್ದದ್ದು ಕನೆಕ್ಷನ್ ವಾಪಸ್ ಬಂದಾಗ. ಹೊಸದು ಇನ್ನೂ ವಾಪಸ್ ಬಂದೇ ಇಲ್ಲವಲ್ಲ! ಅದರಲ್ಲಿ ಸೊನ್ನೆ. ಸೊನ್ನೆ ಅಂದರೆ ಜಾವಾ ಲೆಕ್ಕದಲ್ಲಿ 1970ರ ಜನವರಿ 1. ಹುಟ್ಟುವಾಗಲೇ ಮುದಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್‌ಆನ್‌ಬಾರೋ ಇನ್ನೂ ಆಫ್ ಇತ್ತು, ಅಲ್ಲಿ ಎಲ್ಲ ಚೆನ್ನಾಗಿಯೇ ಓಡಿತ್ತು.

ಜಾಣತನ ಕಿತ್ತು ಹಾಕಿದೆ. ಸರ್ವರನ್ನೇ ಕೇಳುವ ಈಸ್‌ವ್ಯಾಲಿಡ್ ಹಾಕಿದೆ, 2 ಸೆಕೆಂಡ್ ಗಡುವು. ಈಸ್‌ಕ್ಲೋಸ್ಡ್ ಸಾಕಾಗದು, ನಾವೇ ಮುಚ್ಚಿದ್ದೇವಾ ಅಂತ ಮಾತ್ರ ಅದು ಖಾತ್ರಿಯಾಗಿ ಹೇಳುವುದು. ಎರರ್ ಬಂದ ಕಡೆ ಇನ್‌ವ್ಯಾಲಿಡೇಟ್‌ಆಬ್ಜೆಕ್ಟ್. 6:15ಕ್ಕೆ ಪ್ರಿಂಟರ್ ಕರಕರ ಅಂತು. ಲಾರಿ ಹೋಗಿಯಾಗಿತ್ತು.

ಅದಾದ ಮೇಲೆ ಬೆಳಗಿನ ಫೋನ್ ಬಂದಿಲ್ಲ. ಮೊನ್ನೆ ಆ ಕಡೆ ಹೋದಾಗ ನೋಡಿದೆ, ಅಣ್ಣ ಬಂದವರೇ ಕಂಪ್ಯೂಟರ್ ಹಾಕಿ, ಪ್ರೋಗ್ರಾಂ ತೆರೆದು, ಬಂದ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರು. "ಈಗ ಅದು ಬೇಡ ಅಣ್ಣಾ" ಅಂದೆ. "ಇರ್ಲಿ ಮಾರ್ರೆ" ಅಂದರು.