ಲೇತ್ ಚೂರಿನಿಂದ ಲೋಹದ ಪುಡಿ: ಕೆಲಸ ಎಲ್ಲಿಗೆ ಬಂತು

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಸ್ನೇಹಿತರ ಲೇತ್ (ಲೋಹದ ಸರಳನ್ನು ತಿರುಗಿಸುತ್ತ ಕೆತ್ತುವ ಯಂತ್ರ) ಶೆಡ್ಡಿನಿಂದ ಗುಜರಿಗೆ ಹೋಗುತ್ತಿದ್ದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಚೂರುಗಳನ್ನು ಪುಡಿ ಮಾಡುವ ನಮ್ಮ ಪ್ರಯತ್ನ ಈಗ ಜರಡಿ ಹಿಡಿಯುವ ಹಂತ ತಲುಪಿದೆ. ಸವೆದ ಪಂಪ್ ಶಾಫ್ಟುಗಳ ಮೇಲೆ ಇದೇ ಪುಡಿಯನ್ನು ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕೂರಿಸಿ, ರಿಪೇರಿಯನ್ನು ಇಲ್ಲಿಯೇ ಮುಗಿಸುವಂತಾಗಬೇಕು ಎಂಬುದು ನಮ್ಮ ಆಸೆ.

ಅರೆಯುವುದಕ್ಕಿಂತ ದರ್ಜೆ ಬೇರ್ಪಡಿಸುವುದೇ ಹೆಚ್ಚು ಶ್ರಮ ಬೇಡಿತು. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇರುತ್ತದೆ. ಅದರ ಜೊತೆಗೆ ಸ್ಟೇನ್‌ಲೆಸ್ ಸ್ಟೀಲ್‌ನದೇ ಇನ್ನೊಂದು ದರ್ಜೆಯಾದ 303ರ ಚೂರು ಬೆರೆತರೆ, ಕಟಿಂಗ್ ಸಲೀಸಾಗಲೆಂದು ಆ ದರ್ಜೆಗೆ ಸೇರಿಸಿರುವ ಗಂಧಕದಿಂದಾಗಿ ಕರಗಿದ ಪದರ ಗಟ್ಟಿಯಾಗುವಾಗ ಬಿರುಕು ಬಿಡುವ ಸಂಭವ ಹೆಚ್ಚುತ್ತದೆ. ಅಯಸ್ಕಾಂತವನ್ನೇ ಪೂರ್ತಿ ನಂಬುವಂತಿಲ್ಲ. ಮೈಲ್ಡ್ ಸ್ಟೀಲ್ ಚೂರು ಹಾರಿ ಬಂದು ಕಚ್ಚಿಕೊಳ್ಳುತ್ತದೆ ನಿಜ, ಆದರೆ ಟೂಲಿನ ಒತ್ತಡದಲ್ಲಿ ಒಳರಚನೆ ಬದಲಾದ 304ರ ಸುರುಳಿಯೂ ಮೆಲ್ಲನೆ ಅದರತ್ತ ಹೊರಳುತ್ತದೆ. ಆದ್ದರಿಂದ ಯಾವ ಸರಳು ಲೇತಿಗೇರಿದೆಯೋ ಆ ದರ್ಜೆಯ ಹೆಸರು ಬರೆದ ಟ್ರೇಯನ್ನೇ ಅಡಿಗೆ ಇಡುವ ಪದ್ಧತಿ ಮಾಡಿದ್ದೇವೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಯೋಗ್ಯತೆ ನಿಂತಿರುವುದು ಈ ಟ್ರೇಗಳ ಮೇಲೆ.

ಕಟಿಂಗ್ ವೇಳೆ ಬಿಸಿ ತಗ್ಗಿಸಲು ಸುರಿಯುವ ಕೂಲಂಟ್ ಎಣ್ಣೆ ಉಳಿದರೆ ಲೋಹಕ್ಕೆ ಇಂಗಾಲ ಸೇರುತ್ತದೆಯಾದ್ದರಿಂದ ಚೂರುಗಳನ್ನು ಸೋಪಿನ ಬಿಸಿನೀರಿನಲ್ಲಿ, ಆಮೇಲೆ ಅಸಿಟೋನ್‌ನಲ್ಲಿ ತೊಳೆದು ಒಣಗಿಸುತ್ತೇವೆ. ಗುಂಡುಗಳನ್ನು ತುಂಬಿ ತಿರುಗಿಸುವ ಡ್ರಮ್ಮಾದ ಬಾಲ್ ಮಿಲ್ಲಿನಲ್ಲಿ ಮೊದಲು 20 ಮಿ.ಮೀ. ಗುಂಡುಗಳ ಹೊಡೆತಕ್ಕೆ ಚೂರು ಗಡುಸಾಗಿ, ಬಳಿಕ ಮುರಿಯುತ್ತದೆ. ಆಗ ಸಿಗುವ ಕಣಗಳು ಭೂತಗನ್ನಡಿಯಲ್ಲಿ ಅವಲಕ್ಕಿಯಂತೆ ಚಪ್ಪಟೆಯಾಗಿ, ಅಂಚು ಹರಿತವಾಗಿ ಕಾಣುತ್ತವೆ, 6 ಮಿ.ಮೀ. ಗುಂಡು ಹಾಕಿದ ಮೇಲೆ ಅಂಚು ಸವೆಯುತ್ತದೆ. ಪುಡಿ ಸರಾಗವಾಗಿ ಹರಿಯುತ್ತದೆಯೇ ಎಂದು ನೋಡಲು 2.5 ಮಿ.ಮೀ. ರಂಧ್ರದ ಆಲಿಕೆಯಲ್ಲಿ 50 ಗ್ರಾಂ ಸುರಿದಾಗ ಮೊದಲಿನ ಪುಡಿ ಕಟ್ಟಿಕೊಂಡಿತು, ಎರಡನೆಯದು ತಟ್ಟದೆಯೇ ಇಳಿಯಿತು. ಅಮೆರಿಕದ ಸಿಕ್ಸ್‌ಕೆ ಅಡಿಟಿವ್ ಸಂಸ್ಥೆ ಗುಜರಿ ಲೋಹವನ್ನು ಮೈಕ್ರೋವೇವ್ ಪ್ಲಾಸ್ಮಾದಲ್ಲಿ (ಮೈಕ್ರೋವೇವ್‌ನಿಂದ ವಿಪರೀತ ಕಾಯಿಸಿದ ಅನಿಲದಲ್ಲಿ) ಹಾಯಿಸಿ ದುಂಡು ಕಣವಾಗಿಸುತ್ತದೆ. ಅಷ್ಟು ದುಂಡಗಿನ ಪುಡಿ ನಮ್ಮ ಕೈಗೆ ನಿಲುಕದು. ಹಾಸಿದ ಪುಡಿಯ ಮೇಲೆ ಲೇಸರ್ ಹಾಯಿಸುವ ಯಂತ್ರಗಳಿಗೆ ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್‌ನ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದುಂಡು ಕಣಗಳೇ ಬೇಕು. ನಳಿಕೆಯಿಂದ ಪುಡಿ ಊದಿ ಕರಗಿಸುವ ವಿಧಾನಕ್ಕೆ ಒರಟು ಪುಡಿಯೂ ನಡೆಯುವುದರಿಂದ 45ರಿಂದ 150 ಮೈಕ್ರಾನ್‌ನದನ್ನು ಮಾತ್ರ ಎತ್ತಿಡುತ್ತಿದ್ದೇವೆ.

ಅಲ್ಯೂಮಿನಿಯಂ ಚೂರಿಗೆ ಮಿಲ್ಲಿನೊಳಗೆ ಪ್ರವೇಶವೇ ಇಲ್ಲ, ಅದರ ನುಣುಪು ಧೂಳು ಸ್ಫೋಟಿಸಬಲ್ಲದು. ಉಕ್ಕಿನದಾದರೂ ಡ್ರಮ್ ತಣ್ಣಗಾದ ಮೇಲೆಯೇ, ಮಾಸ್ಕ್ ಧರಿಸಿ, ನಿಧಾನವಾಗಿ ಮುಚ್ಚಳ ತೆಗೆಯುತ್ತೇವೆ.

ಮುಂದೆ ಪುಡಿಯ ಇಂಗಾಲ, ಗಂಧಕ ಮತ್ತು ಆಮ್ಲಜನಕದ ಪ್ರಮಾಣವನ್ನು ಪರೀಕ್ಷೆ ಮಾಡಿಸಬೇಕು. ಅದು ಸರಿಬಂದರೆ ಹಳೆಯ ಶಾಫ್ಟಿನ ತುಂಡೊಂದರ ಮೇಲೆ ಪದರ ಕೂರಿಸಿ, ಅಡ್ಡ ಕೊಯ್ದು, ಒಳಗೆ ರಂಧ್ರ ಉಳಿದಿದೆಯೇ ಎಂದು ನೋಡಲಿದ್ದೇವೆ.