ಇಂಗ್ಲಿಷ್ ಬಿಟ್ಟ ಮೇಲೆ ಬಾಯಿಗೆ ಬಂದ ಜಪಾನಿ

ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಾಡಿಸಿ ನೋಡುವ ಭಾಗವೇ ಇಲ್ಲ. ಪದಗಳು, ವ್ಯಾಕರಣ, ಓದು, ಕೇಳಿ ಅರ್ಥ ಮಾಡಿಕೊಳ್ಳುವುದು, ಅಷ್ಟೇ. ಎನ್5ರಿಂದ ಎನ್1ರವರೆಗಿನ ಐದು ಹಂತಗಳಲ್ಲಿ ನಡುವಿನ ಎನ್3 ಅನ್ನು ಬೆಂಗಳೂರಿನಲ್ಲೇ ಮುಗಿಸಿ, ಐಚಿ ಪ್ರಾಂತ್ಯದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಕ್ಕೆ ಬಂದೆ. ಗೋಡೆಯ ಮೇಲಿನ ಸೂಚನೆಗಳನ್ನು ಓದುತ್ತಿದ್ದೆ. ಯಾರಾದರೂ ಮಾತಾಡಿಸಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು.

ನಾನು ಕಲಿತ ಪುಸ್ತಕಗಳ ವಿವರಣೆಯೆಲ್ಲ ಇಂಗ್ಲಿಷಿನಲ್ಲಿತ್ತು. ಹಾಗಾಗಿ ತಲೆಯೊಳಗೆ ಮೊದಲು ಇಂಗ್ಲಿಷ್ ವಾಕ್ಯ ಹುಟ್ಟಿ, ಅದನ್ನು ಹಿಂದುಮುಂದು ಮಾಡಿ ಕ್ರಿಯಾಪದವನ್ನು ಕೊನೆಗೆ ತಳ್ಳುವಷ್ಟರಲ್ಲಿ ಎದುರಿಗಿದ್ದವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು.

ಅದು ಬದಲಾದದ್ದು ಜೂನ್ ತಿಂಗಳ ಮಳೆಯ ಒಂದು ಬೆಳಿಗ್ಗೆ. ನನ್ನ ಪ್ರೆಸ್ ಯಂತ್ರದ ಕೆಳಗೆ ಎಣ್ಣೆ ಕಂಡಿತು. ಏನಾದರೂ ವ್ಯತ್ಯಾಸ ಕಂಡರೆ ‘ನಿಲ್ಲಿಸು, ಕರೆ, ಕಾಯಿ’ ಎನ್ನುವುದು ಇಲ್ಲಿನ ಕಾರ್ಖಾನೆಗಳ ನಿಯಮ. ಯಂತ್ರ ನಿಲ್ಲಿಸಿ, ತಂಡದ ಮುಖ್ಯಸ್ಥರಾದ ಹಂಚೋ ಅವರನ್ನು ಕರೆದೆ. ಅವರು ಬರುವ ತನಕ ಮಾಡಲು ಬೇರೇನೂ ಇರಲಿಲ್ಲ, ಬಗ್ಗಿ ಪೈಪನ್ನೇ ನೋಡುತ್ತಿದ್ದೆ. ಮನಸ್ಸಿನಲ್ಲಿ ಓಡುತ್ತಿದ್ದದ್ದು ಶುದ್ಧ ಕನ್ನಡ: ‘ಎಣ್ಣೆ ಸೋರ್ತಾ ಇದೆ ಅಂತ ಅನ್ಸುತ್ತೆ.’ ಹಂಚೋ ಬಂದು ‘ದೋ ಶಿತ?’ ಅಂದರು. ‘ಅಬುರ ಗ ಮೊರೆತೆ ಇರು ತೊ ಒಮೊಯ್ಮಸ್’ ಎಂದೆ, ತಡವರಿಸದೆ.

ಅಬುರ ಎಂದರೆ ಎಣ್ಣೆ, ಮೊರೆತೆ ಇರು ಎಂದರೆ ಸೋರುತ್ತಾ ಇದೆ, ತೊ ನಮ್ಮ ‘ಅಂತ’, ಒಮೊಯ್ಮಸ್ ‘ಅನ್ಸುತ್ತೆ’. ‘ಗ’ ಎಂಬ ಪ್ರತ್ಯಯವೊಂದು ಹೆಚ್ಚಿಗೆ, ಉಳಿದದ್ದು ಕನ್ನಡದ ಸಾಲಿನಲ್ಲೇ ನಿಂತಿದೆ. ಎಲ್ಲಿಂದ ಸೋರುತ್ತಿದೆ ಎಂದು ಹಂಚೋ ಕೇಳಿದರು. ಜಾಯಿಂಟ್ ತೋರಿಸಿ ‘ಶಿಮೆತೆ ಮಿಮಸ್’, ಬಿಗಿ ಮಾಡಿ ನೋಡ್ತೀನಿ, ಎಂದೆ. ಮಾಡಿ ‘ನೋಡು’ವುದು ಜಪಾನಿಯರಲ್ಲೂ ಕಣ್ಣಿನಿಂದ ನೋಡುವ ಕ್ರಿಯಾಪದವೇ! ಬರೆದು ‘ಇಡು’ವುದಕ್ಕೂ ಅವರದು ಇಡುವ ಕ್ರಿಯಾಪದ, ‘ಕಯ್ತೆ ಒಕು’. ಅದಕ್ಕೂ ಮೊದಲು ಇದನ್ನೆಲ್ಲ ಪಾಠವಾಗಿ ಓದಿದ್ದೆ, ಆದರೆ ಇಂಗ್ಲಿಷಿನ ಮೂಲಕ. ಹೀಗಾಗಿ ಮನೆಯ ಮಾತೇ ಎದುರಿಗಿದ್ದರೂ ಗುರುತು ಸಿಕ್ಕಿರಲಿಲ್ಲ.

ಅಂದಿನಿಂದ ಅಭ್ಯಾಸದ ಕ್ರಮವನ್ನೇ ಬದಲಿಸಿದೆ. ರಾತ್ರಿ ಪಾತ್ರೆ ತೊಳೆಯುತ್ತಾ ದಿನದ ಕೆಲಸವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಜಪಾನಿಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ರೇಡಿಯೋ ಸುದ್ದಿಯನ್ನು ಓದುವವರ ಬೆನ್ನಿಗೇ, ಅದೇ ವೇಗದಲ್ಲಿ ಒಪ್ಪಿಸುತ್ತಿದ್ದೆ. ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ. ಅರ್ಥವಾಗದ ಪದ ಬಂದರೂ ನಿಲ್ಲಿಸಬಾರದು, ಅದರ ಸದ್ದನ್ನಾದರೂ ಹಿಡಿಯಬೇಕು. ದೀರ್ಘ ಸ್ವರ, ಒತ್ತಕ್ಷರ ನಮ್ಮ ಕಿವಿಗೆ ಹುಟ್ಟಿನಿಂದಲೇ ಬಂದಿರುವುದು ದೊಡ್ಡ ಅನುಕೂಲ. ಒಬಸಾನ್ ಚಿಕ್ಕಮ್ಮನಂಥವಳು, ಒಬಾಸಾನ್ ಅಜ್ಜಿ. ಬೇರೆ ದೇಶಗಳ ಗೆಳೆಯರು ಒದ್ದಾಡುವ ಈ ವ್ಯತ್ಯಾಸ ನಮಗೆ ಕಷ್ಟವೇ ಅಲ್ಲ. ಜಪಾನಿಯರು ಮಾತಾಡುವಾಗ ನಡುನಡುವೆ ಹೂಂಗುಟ್ಟಬೇಕು, ಸುಮ್ಮನೆ ಕೇಳಿದರೆ ಕೇಳುತ್ತಿಲ್ಲವೇನೋ ಅಂದುಕೊಳ್ಳುತ್ತಾರೆ. ನಮ್ಮ ಜಗಲಿ ಮಾತೂ ಹೀಗೇ ಅಲ್ಲವೇ?

ಕನ್ನಡ ಕೈ ಹಿಡಿಯದ ಜಾಗವೂ ಇದೆ. ‘ನೀವು’, ‘ಅವರು’ ಎನ್ನುವ ಬಹುವಚನದ ಗೌರವದಿಂದ ಜಪಾನಿಯರ ಗೌರವದ ಮಾತಿನ ಪದ್ಧತಿಯಾದ ಕೇಯ್ಗೊ ಪೂರ್ತಿ ದಕ್ಕುವುದಿಲ್ಲ. ಹೊರಗಿನ ಕಂಪನಿಯವರೊಡನೆ ಮಾತಾಡುವಾಗ ನಮ್ಮ ಮೇಲಧಿಕಾರಿಯ ಹೆಸರಿಗೆ ಗೌರವದ ‘ಸಾನ್’ ಸೇರಿಸಬಾರದು, ಅವರ ಕೆಲಸವನ್ನೂ ವಿನಯದ ಕ್ರಿಯಾಪದದಲ್ಲೇ ಹೇಳಬೇಕು. ಹಿರಿಯರನ್ನು ಬರೀ ಹೆಸರಿನಿಂದ ಕರೆದು ಬೆಳೆದವನಲ್ಲ ನಾನು. ಫೋನೆತ್ತಿದಾಗ ಈಗಲೂ ಅಲ್ಲಿ ನಾಲಿಗೆ ಒಂದು ಕ್ಷಣ ನಿಲ್ಲುತ್ತದೆ. ಈ ವರ್ಷ ಅದರ ಮೇಲೆಯೇ ಕೂತಿದ್ದೇನೆ.